ಸದ್ದಿಗಾಗಿ ತಂದ ಕೀಬೋರ್ಡು

ಬೇಗೂರಿನ ಆ ಮೂರನೇ ಮಹಡಿಯ ಮನೆಯಲ್ಲಿ ಕೆಲಸ ಮಾಡುವುದೆಲ್ಲ ಸದ್ದು ಮಾಡುತ್ತಿತ್ತು. ಕುಕ್ಕರು ಕೂಗುತ್ತಿತ್ತು, ಮಿಕ್ಸಿ ಅರಚುತ್ತಿತ್ತು, ಬಟ್ಟೆ ಒಗೆಯುವ ಮಷೀನು ಕೊನೆಯ ಸುತ್ತಿನಲ್ಲಿ ಬಚ್ಚಲುಮನೆಯನ್ನೇ ಹೊತ್ತುಕೊಂಡು ಹೊರಟಂತೆ ಕುಣಿಯುತ್ತಿತ್ತು. ಸದ್ದಿಲ್ಲದೆ ಕೆಲಸ ಮಾಡುತ್ತಿದ್ದವಳು ಶೈಲಜಾ ಒಬ್ಬಳೇ. ಹಾಗಾಗಿ ಅವಳು ಕೆಲಸ ಮಾಡುತ್ತಿದ್ದಾಳೆ ಎಂಬುದು ಯಾರಿಗೂ ನೆನಪಿರುತ್ತಿರಲಿಲ್ಲ.

ನೆನಪಿರುವುದಾದರೂ ಹೇಗೆ? ಮಲಗುವ ಕೋಣೆಯ ಮೂಲೆಯಲ್ಲಿ ಅತ್ತೆಯ ಹಳೆಯ ಹೊಲಿಗೆ ಮಷೀನು. ಅದರ ತಲೆಯನ್ನು ಒಳಕ್ಕೆ ಮಡಚಿ ಹಲಗೆ ಮುಚ್ಚಿದರೆ ಅದೇ ಅವಳ ಮೇಜು. ಅದರ ಮೇಲೊಂದು ಲ್ಯಾಪ್‌ಟಾಪು, ಅದರ ಮುಂದೆ ಗಲ್ಲಕ್ಕೆ ಕೈಕೊಟ್ಟು ಪರದೆಯನ್ನೇ ನೋಡುತ್ತ ಕೂತ ಸೊಸೆ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದು ಆಸ್ಪತ್ರೆಗಳಿಗೆ ಬಿಲ್ ಹಾಕುವ ಸಾಫ್ಟ್‌ವೇರ್ ಮಾಡುತ್ತಿತ್ತು. ಬೇರೆಯವರು ಬರೆದ ಕೋಡನ್ನು ಸಾಲುಸಾಲಾಗಿ ಓದಿ ತಪ್ಪು ಹುಡುಕುವುದು ಶೈಲಜಾಳ ಕೆಲಸ. ಅದರಲ್ಲಿ ಮುಕ್ಕಾಲು ಪಾಲು ಸುಮ್ಮನೆ ನೋಡುವುದೇ. ನೋಡುತ್ತ ನೋಡುತ್ತ ಒಂದು ಎಳೆ ಕೈಗೆ ಸಿಕ್ಕುತ್ತದೆ. ಅದನ್ನು ಹಿಡಿದುಕೊಂಡು ಮುಂದೆ ಹೋಗಬೇಕು. ಅಷ್ಟರಲ್ಲಿ ಕೂಗು ಬರುತ್ತದೆ.

"ಶೈಲಾ, ಸುಮ್ನೆ ಕೂತಿದೀಯಲ್ಲವ್ವ, ಒಂದೀಟು ಹಾಲು ನೋಡು."

"ಶೈಲಾ, ಬಾಗಿಲಾಗೆ ಪಾರ್ಸಲ್ನೋನು ಅದೇನೋ ಓಟಿಪಿ ಕೇಳ್ತಾನೆ."

"ಯವ್ವಾ, ಈ ಮೊಬೈಲ್ ಯಾಕೋ ನಿಂತೇ ಹೋಗೈತೆ ನೋಡು."

ಮೊದಲೆರಡು ಅತ್ತೆ ಗಂಗಮ್ಮನ ಕೂಗು, ಕೊನೆಯದು ಮಾವ ಈರಪ್ಪನದು. ಇಬ್ಬರೂ ಕೆಟ್ಟವರಲ್ಲ, ತೊಂದರೆ ಇರುವುದೇ ಅಲ್ಲಿ. ಕೆಟ್ಟವರಾಗಿದ್ದರೆ ಒಂದು ಜಗಳ ಆಡಿ ಹಗುರಾಗಬಹುದಿತ್ತು. ಗಂಗಮ್ಮನಿಗೆ ಮೊಣಕಾಲು ನೋವು, ಎದ್ದರೆ ಕೂರಲಾಗದು, ಕೂತರೆ ಏಳಲಾಗದು. ಈರಪ್ಪ ಹರಿಹರದ ಕಾರ್ಖಾನೆಯೊಂದರಲ್ಲಿ ಕಬ್ಬಿಣ ಕಡೆಯುವ ಲೇತ್ ಮುಂದೆ ನಿಂತೇ ಕೂದಲು ಹಣ್ಣು ಮಾಡಿಕೊಂಡವರು. ಈಗ ಅವರ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಗಂಡ ಈರೇಶ್ ಬೆಳಗ್ಗೆ ಕಂಪನಿ ಬಸ್ಸು ಹತ್ತಿ ಜಿಗಣಿಯ ಫ್ಯಾಕ್ಟರಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಅವನ ಅಂಗಿಯ ಮೇಲಿನ ಗ್ರೀಸ್ ಕಲೆ ನೋಡಿದ ಕೂಡಲೇ, "ಪಾಪ, ದಣಿದು ಬಂದಾನೆ, ನೀರು ಕೊಡವ್ವ" ಎಂದು ಗಂಗಮ್ಮ ಹೇಳುತ್ತಿದ್ದರು. ನೀರು ಕೊಡುತ್ತಿದ್ದವಳ ದಣಿವಿಗೆ ಕಲೆ ಇರಲಿಲ್ಲ.

ಹೀಗೆ ಒಂದು ದಿನ ಬಾಗಿಲಿಗೆ ಬಂದ ಸೊಪ್ಪಿನವಳ ಹತ್ತಿರ ಕರಿಬೇವು ತೆಗೆದುಕೊಂಡು ಬಂದು ಕೂತಾಗ, ಎಲ್ಲಿಯವರೆಗೆ ಓದಿದ್ದೆ ಎಂಬುದೇ ಶೈಲಜಾಳಿಗೆ ಮರೆತುಹೋಯಿತು. ಓದಿರಬೇಕು ಅಂದುಕೊಂಡು ಮುಂದಕ್ಕೆ ಹೋದಳು. ಓದಿರಲಿಲ್ಲ. ಅಲ್ಲಿದ್ದ ತಪ್ಪು ಹಾಗೇ ಉಳಿದು, ಒಂದು ಆಸ್ಪತ್ರೆಯಲ್ಲಿ ರೋಗಿಗಳಿಗೆಲ್ಲ ರಿಯಾಯಿತಿ ಎರಡೆರಡು ಸಲ ಸಿಕ್ಕಿತು. ರೋಗಿಗಳು ಹರಸಿರಬೇಕು, ಆಸ್ಪತ್ರೆಯವರು ಹರಸಲಿಲ್ಲ. ಅವಳ ಮ್ಯಾನೇಜರ್ ಶ್ರೀಕರ್ ಫೋನ್ ಮಾಡಿದ.

"ಶೈಲಜಾ, ನೀವು ಹಿಂಗೆ ತಪ್ಪು ಬಿಡೋರಲ್ಲ. ಮನೇಲಿ ಕಷ್ಟ ಆಗ್ತಿದ್ರೆ ಐದೂ ದಿನ ಆಫೀಸಿಗೇ ಬಂದ್ಬಿಡಿ. ಮುಂದೆ ಹಿಂಗಾದ್ರೆ ನನ್ ಕೈಲೂ ಏನೂ ಇರಲ್ಲ."

ಐದು ದಿನ ಆಫೀಸು ಅಂದರೆ ಕೆಲಸ ಬಿಡು ಎಂದಂತೆಯೇ. ಆ ರಸ್ತೆಯಲ್ಲಿ ಹೋಗಿ ಬರುವುದಕ್ಕೇ ಅರ್ಧ ದಿನ ಬೇಕು. ಎರಡನೇ ಕ್ಲಾಸಿನ ಮಗಳು ಕೃಪಾ ಮಧ್ಯಾಹ್ನ ಸ್ಕೂಲ್ ಬಸ್ಸಿನಿಂದ ಇಳಿಯುತ್ತಾಳೆ. ಲಿಫ್ಟಿಲ್ಲದ ಮನೆ. ಮೊಣಕಾಲು ನೋವಿನ ಅತ್ತೆ, ಕಣ್ಣು ಕಾಣದ ಮಾವ ಆ ರಸ್ತೆಗೆ ಇಳಿದು ಮಗುವನ್ನು ಕರೆತರುವುದು ಆಗದ ಮಾತು. ಅವಳು ಆಫೀಸಿಗೆ ಹೋಗುವ ವಾರದ ಎರಡು ದಿನ ಕೆಳಗಿನ ಮನೆಯವರು ಕರೆತರುತ್ತಿದ್ದರು. ದಿನಾ ಕೇಳಲು ಮುಖವಿರಲಿಲ್ಲ.

"ಅತ್ತೆ, ನಾನು ಕೆಲಸ ಮಾಡ್ತಾ ಇರ್ತೀನಿ, ಒಂದು ಸ್ವಲ್ಪ ಹೊತ್ತು ಕರೀಬೇಡಿ" ಎಂದು ಅವಳು ಹೇಳದೆ ಇರಲಿಲ್ಲ. "ಆಯ್ತವ್ವ" ಎಂದು ಗಂಗಮ್ಮ ಮನಸಾರೆ ಒಪ್ಪಿಕೊಳ್ಳುತ್ತಿದ್ದರು. ಆಮೇಲೆ ಇಣುಕಿ ನೋಡಿದರೆ ಸೊಸೆ ಗಲ್ಲಕ್ಕೆ ಕೈಕೊಟ್ಟು ಕೂತಿರುತ್ತಿದ್ದಳು. ಕೆಲಸ ಮುಗಿದಿರಬೇಕು ಅಂದುಕೊಂಡೇ ಕರೆಯುತ್ತಿದ್ದರು.

ಒಂದು ದಿನ ಆಫೀಸಿನಲ್ಲಿ ಅವಳ ಜೊತೆಯವಳಾದ ತನ್ಮಯಿ ವೈಟ್‌ಫೀಲ್ಡಿನ ತನ್ನ ಮನೆಯಿಂದ ಫೋನಿನಲ್ಲಿ ಮಾತಾಡುತ್ತ ಏನೋ ಟೈಪ್ ಮಾಡುತ್ತಿದ್ದಳು. ಫೋನಿನ ಸ್ಪೀಕರಿನಿಂದ ಟಕಟಕ ಸದ್ದು ಕೋಣೆ ತುಂಬ ಕೇಳಿತು. ಹಾಸಿಗೆಯ ಮೇಲೆ ಬಟ್ಟೆ ಮಡಚುತ್ತಿದ್ದ ಗಂಗಮ್ಮ ಕೈ ನಿಲ್ಲಿಸಿ ಕೇಳಿಸಿಕೊಂಡರು. "ಆ ಹುಡುಗಿ ಎಷ್ಟು ಕೆಲಸ ಮಾಡ್ತಾಳವ್ವ ಪಾಪ" ಎಂದರು. ಮೆಲ್ಲಗೆ ಎದ್ದು, ಬಾಗಿಲು ಎಳೆದುಕೊಂಡು ಹೊರಗೆ ಹೋದರು.

ಶೈಲಜಾ ಆ ಮುಚ್ಚಿದ ಬಾಗಿಲನ್ನೇ ನೋಡಿದಳು. ತನಗಾಗಿ ಅದು ಒಂದು ದಿನವೂ ಹಾಗೆ ಮುಚ್ಚಿಕೊಂಡಿರಲಿಲ್ಲ.

ಮಾರನೆಯ ದಿನ ಆಫೀಸಿನ ಕ್ಯಾಂಟೀನಿನಲ್ಲಿ ತನ್ಮಯಿಯನ್ನು ಹಿಡಿದುಕೊಂಡಳು. ಫೋನಿನಲ್ಲಿ ಕೇಳಿದಂಥ ಟಕಟಕ ಸದ್ದಿನ ಮೆಕ್ಯಾನಿಕಲ್ ಕೀಬೋರ್ಡು ಎಂದರೆ ತನ್ಮಯಿಗೆ ಊಟ ಬೇಡ, ತಿಂಡಿ ಬೇಡ.

"ಸಣ್ಣದು, ಅಗ್ಗದ್ದು ಸಾಕು. ನನ್ ಮೇಜು ಹೊಲಿಗೆ ಮಷೀನು, ದೊಡ್ಡದು ಹಿಡ್ಸಲ್ಲ" ಎಂದಳು ಶೈಲಜಾ.

"ಸಣ್ಣದ್ರಲ್ಲೇ ಸಕ್ಕತ್ತಾಗಿರೋವು ಬಂದಿದಾವೆ. ಸೈಲೆಂಟ್ ಸ್ವಿಚ್ ಹಾಕ್ಸಿಬಿಡೋಣ, ಮನೇಲಿ ಯಾರ್ಗೂ ಡಿಸ್ಟರ್ಬ್ ಆಗಲ್ಲ."

"ಬೇಡ ಕಣೇ. ಸದ್ದು ಮಾಡ್ಬೇಕು. ಟೀವಿ ಹಾಕಿದ್ರೂ ಅಡುಗೆಮನೆಗೆ ಕೇಳ್ಬೇಕು."

ತನ್ಮಯಿ ಅವಳ ಮುಖವನ್ನೊಮ್ಮೆ ನೋಡಿದಳು. ಏನು ಕಂಡಿತೋ, ಫೋನು ತೆಗೆದು ಸದ್ದಿನ ಕೀಬೋರ್ಡು ಹುಡುಕತೊಡಗಿದಳು.

ಆನ್‌ಲೈನಿನಲ್ಲಿ ತರಿಸಿದ ಕೀಬೋರ್ಡು ಒಂದು ಮಿಠಾಯಿ ಡಬ್ಬಿಯಷ್ಟಿತ್ತು. ಬಲಗಡೆಯ ಅಂಕಿಗಳ ಸಾಲಿಲ್ಲ, ಮೇಲಿನ ಸಾಲಿಲ್ಲ, ಬೂದು ಬಣ್ಣ. ಒಂದೊಂದು ಕೀ ಕೆಳಗೂ ಉಗುರಿನಷ್ಟು ಸ್ವಿಚ್ಚು. ಚಿಮುಟದಿಂದ ಹಿಡಿದೆಳೆದರೆ ಹಲ್ಲು ಕಿತ್ತಂತೆ ಬರುತ್ತಿತ್ತು, ಆ ಜಾಗದಲ್ಲಿ ಬೇರೆಯದನ್ನು ಒತ್ತಿದರೆ ಕೂರುತ್ತಿತ್ತು. ಮತ್ತೆ ಆಫೀಸಿಗೆ ಹೋದ ದಿನ ಊಟದ ಹೊತ್ತಿನಲ್ಲಿ ಇಬ್ಬರೂ ಅದನ್ನು ಬಿಚ್ಚಿ ಕೂತರು. ಮೆತ್ತಗಿದ್ದ ಸ್ವಿಚ್ಚುಗಳನ್ನೆಲ್ಲ ಕಿತ್ತು, ಒತ್ತಿದಾಗ ಕಟಕ್ಕೆನ್ನುವ ನೀಲಿ ಸ್ವಿಚ್ಚುಗಳನ್ನು ಕೂರಿಸಿದರು. ಒಳಗಿದ್ದ ಸ್ಪಂಜಿನ ಹಾಳೆಯನ್ನೂ ತೆಗೆದರು.

"ಲೋಕದೋರೆಲ್ಲ ಸದ್ದು ಕಮ್ಮಿ ಮಾಡಕ್ಕೆ ಇದನ್ನ ಹುಡುಕ್ಕೊಂಡ್ ಹೋಗಿ ಹಾಕ್ತಾರೆ. ನೀನು ಕಿತ್ತು ಬಿಸಾಕ್ತಿದೀಯಲ್ಲೇ!" ತನ್ಮಯಿ ನಕ್ಕಳು. ಶೈಲಜಾಳೂ ನಕ್ಕಳು. ಎಷ್ಟೋ ದಿನವಾಗಿತ್ತು ಅವಳು ಹಾಗೆ ನಕ್ಕು.

ಹೊಲಿಗೆ ಮಷೀನಿನ ಹಲಗೆಯ ಮೇಲೆ ಹಾಸಿದ್ದ ಬಟ್ಟೆ ತೆಗೆದು ಬರಿಯ ಮರದ ಮೇಲೆ ಕೀಬೋರ್ಡ್ ಇಟ್ಟಳು. ಹಲಗೆಯ ಕೆಳಗಿನ ಟೊಳ್ಳು ಅವಳ ಪರವಾಗಿ ಕೆಲಸ ಮಾಡಿತು. ಒಂದು ಸಾಲು ಬರೆಯುವಷ್ಟರಲ್ಲಿ ಮನೆಯಿಡೀ ಟಕಟಕ ತುಂಬಿಕೊಂಡಿತು. ಗಂಗಮ್ಮ ಟೀವಿ ಸದ್ದು ಇಳಿಸಿದರು. ಸೊಪ್ಪಿನವಳು ಬಂದಾಗ ಗೋಡೆ ಹಿಡಿದುಕೊಂಡು ತಾವೇ ಎದ್ದರು. "ಮೆಲ್ಲಕ ಮಾತಾಡವ್ವ, ಒಳಗೆ ಕೆಲಸ ನಡೀತೈತೆ" ಎಂದು ಅವಳಿಗೆ ಹೇಳಿದ್ದು ಶೈಲಜಾಳಿಗೆ ಕೇಳಿಸಿತು. ಗೆದ್ದೆ ಅನ್ನಿಸಿತು, ಮೈಯೆಲ್ಲ ಹಗುರಾಯಿತು.

ರಾತ್ರಿ ಊಟಕ್ಕೆ ಕೂತಾಗ ಈರಪ್ಪನವರೂ ಖುಷಿಯಲ್ಲಿದ್ದರು. "ನಮ್ಮ ಕಾರ್ಖಾನೆ ಶಾಪಿನಾಗೆ ಕೂತಂಗೆ ಆತು ನೋಡವ್ವ" ಎಂದು ಹಳೆಯ ಕಥೆ ತೆಗೆದರು. "ಮಡಿವಾಳಪ್ಪ ಅಂತ ಫೋರ್‌ಮನ್ ಇದ್ದ. ಸದ್ದು ನಿಂತರೆ ಸಾಕು, ಓಡಿಬರೋನು. ನಾವೇನು ಮಾಡ್ತಿದ್ವಿ? ಮೈ ಸೋತ ದಿನ ಲೇತಿಗೆ ಕಬ್ಬಿಣನೇ ಹಾಕ್ತಿರಲಿಲ್ಲ. ಖಾಲಿ ಮಷೀನ್ ತಿರುಗಿಸಿಕೊಂಡು ಹಂಗೇ ನಿಂತುಬಿಡೋದು. ಅವನು ಆಫೀಸಿನಾಗೆ ಕೂತು ಆಹಾ ಅಂತಿದ್ದ."

"ಗೊತ್ತಾಗ್ತಿರಲಿಲ್ವಾ ಮಾವ ಅವರಿಗೆ?"

"ಅವನಿಗೆಲ್ಲಿ ಗೊತ್ತಾಗಬೇಕು? ಮಷೀನ್ ಮುಂದೆ ನಿಂತೋರಿಗೆ ಗೊತ್ತಾಗ್ತೈತೆ. ಖಾಲಿ ಓಡೋ ಸದ್ದೇ ಬ್ಯಾರೆ."

ಶೈಲಜಾ ಸಾರು ಬಡಿಸುತ್ತ ಹೂಂಗುಟ್ಟಿದಳು. ಈ ಕಥೆ ತನ್ನ ಬುಡಕ್ಕೇ ಬರುತ್ತದೆಂದು ಅವಳಿಗೆ ಆಗ ಹೊಳೆಯಲಿಲ್ಲ.

ಹೊಳೆದದ್ದು ಸ್ವಲ್ಪ ದಿನ ಕಳೆದ ಮೇಲೆ. ಅವಳ ಕೆಲಸದಲ್ಲಿ ಟೈಪು ಮಾಡುವುದು ಕಾಲು ಪಾಲು, ಮಿಕ್ಕದ್ದು ನೋಡುವುದು ಎಂದೆನಲ್ಲ. ನೋಡುತ್ತ ಕೂತರೆ ಸದ್ದು ನಿಲ್ಲುತ್ತಿತ್ತು. ಸದ್ದು ನಿಂತರೆ ಒಂದು ಗಳಿಗೆ ಬಿಟ್ಟು ಅಡುಗೆಮನೆಯಿಂದ, "ಮುಗೀತೇನವ್ವ ಶೈಲಾ? ಹಂಗಾರೆ ಬಾ, ಈ ಡಬ್ಬಿ ಇಳಿಸಿಕೊಡು" ಎಂಬ ಕೂಗು. ಮೊದಲಾದರೆ ಅತ್ತೆ ಇಣುಕಿಯಾದರೂ ನೋಡುತ್ತಿದ್ದರು. ಈಗ ಕಿವಿಯಲ್ಲೇ ಎಲ್ಲ ತೀರ್ಮಾನವಾಗುತ್ತಿತ್ತು.

ಅದಕ್ಕೂ ಅವಳೊಂದು ದಾರಿ ಹುಡುಕಿದಳು. ಪರದೆಯ ಮೂಲೆಯಲ್ಲಿ ಒಂದು ಖಾಲಿ ಹಾಳೆ ತೆರೆದಿಟ್ಟು, ಕಣ್ಣು ಕೋಡಿನ ಮೇಲಿದ್ದರೂ ಕೈಯಿಂದ ಆ ಹಾಳೆಗೆ ಬೆರಳಿಗೆ ಸಿಕ್ಕ ಅಕ್ಷರ ಕುಟ್ಟತೊಡಗಿದಳು. ಓದುವುದು ಒಂದು ಕೆಲಸ, ಓದುತ್ತಿದ್ದೇನೆಂದು ಮನೆಗೆ ಕೇಳಿಸುವುದು ಇನ್ನೊಂದು. ಸಂಜೆಯಾಗುವಷ್ಟರಲ್ಲಿ ಮಣಿಕಟ್ಟು ಸಿಡಿಯುತ್ತಿತ್ತು. ಓದಿದ್ದು ತಲೆಗೆ ಹತ್ತುತ್ತಿರಲಿಲ್ಲ. ನೆಮ್ಮದಿಗೆಂದು ತಂದ ಕೀಬೋರ್ಡು ಮನೆಗೆ ಬಂದ ಇನ್ನೊಬ್ಬ ಅತ್ತೆಯಾಗಿ ಕೂತಿತ್ತು.

ಕೊನೆಗೆ ಆಗಬಾರದ್ದು ಆಯಿತು. ಖಾಲಿ ಹಾಳೆ ಅಂದುಕೊಂಡು ಕುಟ್ಟಿದ್ದೆಲ್ಲ ಕೋಡಿನ ಕೆಳಗೆ ಅಭಿಪ್ರಾಯ ಬರೆಯುವ ಜಾಗದಲ್ಲಿ ಹೋಗಿ ಕೂತಿತ್ತು. ನೋಡದೆ ಕಳಿಸಿಯೂ ಬಿಟ್ಟಿದ್ದಳು. ಅರ್ಥವಿಲ್ಲದ ಅಕ್ಷರಗಳ ಒಂದು ಪುಟ ಇಡೀ ತಂಡದ ಕಣ್ಣಿಗೆ ಬಿತ್ತು. ಶ್ರೀಕರ್ ಮತ್ತೆ ಫೋನ್ ಮಾಡಿದ. ಈ ಸಲ ಅವನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು.

"ಶೈಲಜಾ, ಹುಷಾರಾಗಿದೀರಾ? ಏನಿದು? ಮುಂದಿನ ವಾರ ನೋಡ್ತೀನಿ. ಸರಿ ಹೋಗ್ಲಿಲ್ಲ ಅಂದ್ರೆ ಮನೆಯಿಂದ ಕೆಲ್ಸ ನಿಲ್ಸಿಬಿಡ್ಬೇಕಾಗುತ್ತೆ. ಬೇಜಾರ್ ಮಾಡ್ಕೋಬೇಡಿ."

"ಇಲ್ಲ ಶ್ರೀಕರ್, ಸರಿ ಹೋಗುತ್ತೆ" ಎಂದಳು. ಹೇಗೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಆ ಮಧ್ಯಾಹ್ನ ಅವಳಿಗೆ ಏನೂ ಓದಲಾಗಲಿಲ್ಲ. ಅಳು ಬರಲಿಲ್ಲ, ಅಳುವುದಕ್ಕೂ ಒಂದಿಷ್ಟು ಕಸುವು ಬೇಕು. ಕೃಪಾ ಬರುವುದಕ್ಕೆ ಇನ್ನೂ ಹೊತ್ತಿತ್ತು. ಸ್ವಲ್ಪ ಹೊತ್ತು ಯಾರಿಗೂ ಏನೂ ಆಗದೆ, ಸೊಸೆಯಾಗದೆ, ತಾಯಿಯಾಗದೆ, ಸುಮ್ಮನೆ ಇದ್ದುಬಿಡಬೇಕು ಅನ್ನಿಸಿತು. ಸದ್ದು ನಿಲ್ಲಿಸಿದರೆ ಕೂಗು ಬರುತ್ತದೆ. ಹಾಗಾಗಿ ಎಡಗೈ ಮಡಚಿ ಹಲಗೆಯ ಮೇಲಿಟ್ಟು, ಅದರ ಮೇಲೆ ತಲೆಯಿಟ್ಟು, ಕಣ್ಣು ಮುಚ್ಚಿದಳು. ಬಲಗೈ ಮಾತ್ರ ಟಕಟಕ ಕುಟ್ಟುತ್ತಲೇ ಇತ್ತು.

ಮಾವನ ಚಪ್ಪಲಿ ಸದ್ದು ಹತ್ತಿರ ಬಂದು ಬಾಗಿಲ ಬಳಿ ನಿಂತಿತು. ಶೈಲಜಾ ತಲೆ ಎತ್ತಲಿಲ್ಲ. ಬೆರಳುಗಳು ಇನ್ನೂ ಜೋರಾಗಿ ಓಡಿದವು. ಮಾವನಿಗೆ ಕಣ್ಣು ಮಂಜು ಎಂದು ಸಮಾಧಾನ ಹೇಳಿಕೊಂಡಳು. ಆಮೇಲೆ ನೆನಪಾಯಿತು, ಅವರಿಗೆ ಕಣ್ಣು ಬೇಕಾಗಿಯೇ ಇರಲಿಲ್ಲ. ಖಾಲಿ ಓಡುವ ಸದ್ದು ಅವರ ಕಿವಿಗೆ ಗೊತ್ತು ಎಂದು ನಾಚಿಕೆಯಾಯಿತು.

ಅಡುಗೆಮನೆಯಿಂದ ಗಂಗಮ್ಮ ಕೇಳಿದರು. "ಏನ್ರೀ, ಕೆಲಸ ಮುಗಿದಂಗೈತೇನು? ಮುಗಿದಿದ್ರೆ ಕರೀರಿ, ಅಕ್ಕಿ ಆರಿಸೋದೈತೆ."

"ಇಲ್ಲ" ಎಂದರು ಈರಪ್ಪ. "ಭಾರೀ ಕೆಲಸ ಐತೆ ಮಷೀನಿನ ಮೇಲೆ. ಅಕ್ಕಿ ಇತ್ತ ಕೊಡು, ನಾನು ಆರಿಸ್ತೀನಿ."

"ನಿಮಗೆ ಕಲ್ಲು ಕಾಣಾಕಿಲ್ಲ."

"ಕೈಗೆ ಸಿಗ್ತಾವೆ, ಕೊಡು."

ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಅಳು ಬಂದದ್ದು ಆಗ. ಅದರಲ್ಲಿ ಸಮಾಧಾನವೂ ಇತ್ತು, ಸಿಟ್ಟೂ ಇತ್ತು. ಓದಿದವಳು, ದುಡಿಯುವವಳು, ಒಂದು ಮಗುವಿನ ತಾಯಿ, ತನ್ನದೇ ಮನೆಯಲ್ಲಿ ಒಂದು ಗಳಿಗೆ ತಲೆಯಿಡಲು ಇಷ್ಟೆಲ್ಲ ನಾಟಕ ಆಡಬೇಕಾಯಿತಲ್ಲ ಎಂಬ ಸಿಟ್ಟು ಅದು.

ಸಂಜೆ ಕಾಫಿ ಕೊಡುವಾಗ ಅವಳು ಮಾವನ ಮುಖ ನೋಡಲಿಲ್ಲ. ಈರಪ್ಪ ಲೋಟ ಹಿಡಿದುಕೊಂಡು ಗಂಗಮ್ಮನಿಗೆ ಕೇಳದ ಹಾಗೆ ಹೇಳಿದರು. "ಅಷ್ಟೊಂದು ಕುಟ್ಟಬ್ಯಾಡವ್ವ. ಕೈ ನೋಯ್ತಾವೆ. ನಾವು ನಿಂತು ದುಡಿದೋರು, ಸದ್ದಿಲ್ಲದ್ದೂ ಕೆಲಸ ಅನ್ನೋದು ನಮಗೆ ಗೊತ್ತಾಗಲಿಲ್ಲ. ತಪ್ಪು ತಿಳಕೋಬ್ಯಾಡ."

"ಅಯ್ಯೋ, ಹಂಗೇನಿಲ್ಲ ಮಾವ" ಎಂದಳು. ಹಾಗೇ ಇತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು.

ಮಾರನೆಯ ಬೆಳಗ್ಗೆ ಅವಳು ಕೋಣೆಗೆ ಹೋಗಿ ಕೂತಾಗ ಹೊರಗೆ ಪ್ಲಾಸ್ಟಿಕ್ ಕುರ್ಚಿ ಎಳೆದ ಸದ್ದಾಯಿತು. ಬಾಗಿಲು ಮುಚ್ಚಿತು. ಕುರ್ಚಿ ಬಾಗಿಲಿಗೆ ತಾಗಿ ನಿಂತಿತು, ಮಾವ ಅದರಲ್ಲಿ ಕೂತದ್ದು ಕೇಳಿಸಿತು. ಶೈಲಜಾ ಖಾಲಿ ಹಾಳೆ ತೆರೆಯಲಿಲ್ಲ. ಕೋಡನ್ನು ಮೊದಲ ಸಾಲಿನಿಂದ ನೋಡತೊಡಗಿದಳು. ಎಳೆ ಸಿಕ್ಕಿತು, ಜಾರಿತು, ಮತ್ತೆ ಸಿಕ್ಕಿತು. ದಣಿವು ಎಲ್ಲೂ ಹೋಗಿರಲಿಲ್ಲ, ಭುಜದ ಮೇಲೇ ಕೂತಿತ್ತು. ಆದರೂ ಅವಳು ಓದಿಕೊಂಡು ಹೋದಳು.

ಬಹಳ ಹೊತ್ತಾದ ಮೇಲೆ ಗಂಗಮ್ಮನ ದನಿ ಬಾಗಿಲ ಹತ್ತಿರವೇ ಕೇಳಿತು.

"ಏನ್ರೀ, ಸದ್ದೇ ಇಲ್ಲವಲ್ಲ ಇವತ್ತು? ಕೆಲಸ ಇಲ್ಲೇನು ಅವಳಿಗೆ?"

"ಐತೆ" ಎಂದರು ಈರಪ್ಪ.

"ಮತ್ತೆ ಏನೂ ಕೇಳಸವಲ್ದು?"

"ನನಗೆ ಕೇಳ್ತೈತೆ. ನೀನು ಹೋಗು."

ಒಳಗೆ ಶೈಲಜಾ ಎರಡೂ ಕೈಗಳನ್ನು ಕೀಬೋರ್ಡಿನ ಮೇಲಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ಮುಂದಿನ ಸಾಲು ನೋಡತೊಡಗಿದಳು.