ಒದ್ದೆ ಆರುವ ಮುನ್ನ ಬಳಿದ ಬಣ್ಣ

ಆಪ್ತರೇ, ಕೈಯಲ್ಲಿರುವ ಕೆಲಸವನ್ನು ಒಂದಿಷ್ಟು ಬದಿಗಿಟ್ಟು ಇತ್ತ ಕಿವಿಗೊಡಿ. ನಮ್ಮ ಬೀದಿಯ ತುದಿಯಲ್ಲಿ ಕಾಗದವನ್ನು ಕಲ್ಲಾಗಿಸುವ ಹೆಣ್ಣುಮಗಳೊಬ್ಬಳಿದ್ದಾಳೆ. ಎಲ್ಲರ ಬಾಯಲ್ಲೂ ಅವಳು ಕಾಗದದಕ್ಕ. ಆ ಮನೆಯಲ್ಲಿ ಕಂಡದ್ದನ್ನು ಹೇಳದೆ ನಾನಿರಲಾರೆ.

ಹಳೆಯ ಪತ್ರಿಕೆ, ರಟ್ಟಿನ ಪೆಟ್ಟಿಗೆಗಳನ್ನು ಡ್ರಮ್ಮಿನಲ್ಲಿ ನೆನೆಹಾಕಿ, ಗಂಜಿಯಂತೆ ಕಡೆದು, ಹಿಂಡಿ, ಸಿಮೆಂಟು ಮರಳು ಬೆರೆಸಿ ಅವಳು ಇಟ್ಟಿಗೆ ಎರೆಯುತ್ತಾಳೆ. ಅದೇ ಮುದ್ದೆಯನ್ನು ತಂತಿಬಲೆಯ ಮೇಲೆ ಮೆತ್ತಿ ತೋಟಗಳಿಗೆ ಕೊಕ್ಕರೆ, ಆಮೆಗಳನ್ನೂ ಮಾಡುತ್ತಾಳೆ. ರದ್ದಿ ತರುವ ಮುದುಕ ಚೀಲ ಇಳಿಸುವಾಗಲೆಲ್ಲ ಛೇಡಿಸುವನು: “ನಿನ್ನ ಗೋಡೆಗೆ ಒರಗಿದ್ರೆ ಹಳೇ ಸುದ್ದಿ ಬೆನ್ನಿಗೆ ಅಂಟ್ಕೊಳ್ಳುತ್ತೆ ಕಣಮ್ಮ.”

“ಅಂಟ್ಕೊಳ್ಳಲಿ ಬಿಡು ತಾತ, ಹಾಗಾದ್ರೂ ನೀನು ನಾಲ್ಕಕ್ಷರ ಹೊತ್ಕೊಂಡು ಹೋಗ್ತೀಯ,” ಎಂಬುದು ಅವಳ ಉತ್ತರ.

ಅವಳ ತಮ್ಮ ಕೆರೆಯಲ್ಲಿ ಮುಳುಗಿದ. ದೇಹ ಸಿಗಲಿಲ್ಲ. ತಾಯಿ ಒಂದು ಹನಿ ಕಣ್ಣೀರು ಹಾಕಲಿಲ್ಲ. “ಅವನ ಮುಖ ಮಾಡಿಕೊಡು,” ಎಂದಷ್ಟೇ ಕೇಳಿದಳು. ಮಗಳು ಎದೆಯವರೆಗಿನ ಪ್ರತಿಮೆ ಮಾಡಿದಳು. ಕಾಗದ ಬೆರೆತ ಸಿಮೆಂಟು ಹೊರಗೆ ಬೇಗ ಗಟ್ಟಿಯಾದರೂ ಒಳಗೆ ವಾರಗಟ್ಟಲೆ ಹಸಿಯಾಗಿರುತ್ತದೆ. ಆರುವ ತನಕ ಬಣ್ಣ ಮುಟ್ಟಿಸಬಾರದು. ಇದು ಅವಳಿಗೆ ಗೊತ್ತಿಲ್ಲದ್ದಲ್ಲ. ಆದರೆ ತಾಯಿ ದಿನವೂ ಕೆಲಸದ ಶೆಡ್ಡಿನ ಬಾಗಿಲಲ್ಲಿ ಬಂದು ನಿಂತು, “ಇನ್ನೂ ಬೂದಿ ಬಣ್ಣದಲ್ಲೇ ಇದಾನಲ್ಲೇ,” ಎನ್ನುತ್ತಿದ್ದಳು. ಮಗಳು ತಡೆಯಲಾರದೆ ಎಣ್ಣೆಬಣ್ಣ ಬಳಿದುಬಿಟ್ಟಳು.

ಕೆಲವು ದಿನಗಳ ಮೇಲೆ ಪ್ರತಿಮೆಯ ರೆಪ್ಪೆಯಂಚಿನಲ್ಲಿ ನೀರು ಒಸರಿತು.

ತಾಯಿ ಚಾಪೆಯನ್ನು ಶೆಡ್ಡಿಗೇ ತಂದಳು. ಟವೆಲಿನಿಂದ ಆ ಕೆನ್ನೆ ಒರೆಸುವುದೇ ಅವಳ ಬದುಕಾಯಿತು. ಅನ್ನದ ತಟ್ಟೆ ಇಟ್ಟಲ್ಲೇ ತಣ್ಣಗಾಗುತ್ತಿತ್ತು. ಒಂದು ಬೆಳಿಗ್ಗೆ ನಾನು ಆ ಮನೆಯವರಿಗಾಗಿ ಪ್ರಾರ್ಥಿಸಲೆಂದು ಹೋದಾಗ ಅವಳು ತುಟಿಯ ಮೇಲೆ ಬೆರಳಿಟ್ಟಳು. “ಮೆಲ್ಲಗೆ ಮಾತಾಡಿ. ಕೆರೆ ನೀರು ಇನ್ನೂ ಬಿಟ್ಟಿಲ್ಲ ಅವನನ್ನ.” ಹೇಳಲೆಂದು ತಂದಿದ್ದ ದೇವರ ಮಾತು ಬಿಟ್ಟು ನಾನು ಬಾಗಿಲ ಬಳಿಯೇ ಕುಳಿತೆ.

ಗಲ್ಲದ ಕೆಳಗೆ ಬಣ್ಣ ಗುಳ್ಳೆಯೆದ್ದದ್ದನ್ನೂ ಕಿವಿಯ ಹಿಂದೆ ಬೂಷ್ಟು ಹಬ್ಬಿದ್ದನ್ನೂ ಮಗಳು ನೋಡಿದ್ದಳು. ನೀರಿಗೆ ದಾರಿ ಬಿಡದಿದ್ದರೆ ಮುಖ ಒಳಗಿನಿಂದಲೇ ಕೊಳೆತು ಬಿರಿಯುವುದು; ತಾಯಿ ಮಗನನ್ನು ಮತ್ತೊಮ್ಮೆ ಕಳೆದುಕೊಳ್ಳುವಳು. ಆ ಬೆಳಿಗ್ಗೆಯೇ ಅವಳು ಬೈರಿಗೆ ತಂದು ಪ್ರತಿಮೆಯ ಕತ್ತಿನ ಹಿಂಬದಿಗೆ ಹಿಡಿದಳು.

“ಅವನ ಕತ್ತಿಗೆ ತೂತು ಕೊರೀತೀಯಾ? ಒಡಹುಟ್ಟಿದವಳೇನೇ ನೀನು?” ಎಂದಳು ತಾಯಿ.

“ಅಮ್ಮ, ಅವನು ಅಳ್ತಿಲ್ಲ. ಒಳಗೆ ಹಸಿ ಇರೋವಾಗ್ಲೇ ನಾನು ಬಣ್ಣ ಬಳಿದೆ. ತಪ್ಪು ನಂದು.”

ತಾಯಿ ಕೈಯಲ್ಲಿದ್ದ ಟವೆಲನ್ನು ಬಿಡಿಸಿ ನೋಡಿದಳು. “ಹಾಗಾದ್ರೆ ಇಷ್ಟು ದಿನ ನಾನು ಒರೆಸಿದ್ದು ಬರೀ ನೀರಾ?”

ಮಗಳು ಬೈರಿಗೆಯನ್ನು ತಾಯಿಯ ಮಡಿಲಲ್ಲಿಟ್ಟು ಪಕ್ಕದಲ್ಲಿ ಕುಳಿತಳು. “ಹಿಂದಿನಿಂದ ಹೋಗಲಿ ನೀರು. ಮುಖ ಉಳಿಯುತ್ತೆ. ನೀನೇ ಕೊರಿ, ನೀನು ಕೊರೆದ್ರೆ ಅವನಿಗೆ ನೋಯಲ್ಲ.”

ಬಿಸಿಲು ಹೊಸ್ತಿಲು ದಾಟುವ ಹೊತ್ತಿಗೆ ತಾಯಿ ಬೈರಿಗೆ ತಿರುಗಿಸಿದಳು. ಪತ್ರಿಕೆಯ ಮಸಿ ಕರಗಿದ ಕಪ್ಪು ನೀರು ಜಿನುಗಿ ಪ್ರತಿಮೆಯ ಬೆನ್ನ ಮೇಲೆ ಇಳಿಯಿತು. ಅವಳು ಆ ತೂತಿಗೆ ಬಾಯಿಟ್ಟು ಪಿಸುಗುಟ್ಟಿದಳು: “ಆವತ್ತು ಎಲ್ಲಾದ್ರೂ ಹಾಳಾಗಿ ಹೋಗು ಅಂದೆನಲ್ಲ, ಸಿಟ್ಟಲ್ಲಿ ಅಂದಿದ್ದು ಕಣೋ. ನೀನು ಹೋಗೇಬಿಡ್ತೀಯ ಅಂತ ಗೊತ್ತಿರ್ಲಿಲ್ಲ.” ಆಗ ಅತ್ತಳು, ಮೊದಲ ಬಾರಿಗೆ. ಮಗಳು ಅದೇ ಟವೆಲು ಚಾಚಿದಳು.

ಪ್ರತಿಮೆ ಈಗ ಒಣಗಿ ಹಗುರವಾಗಿದೆ. ಆದರೂ ಕೆರೆಯ ಕಡೆಯಿಂದ ಗಾಳಿ ಬೀಸಿದಾಗ ಕತ್ತಿನ ತೂತು ಸಣ್ಣಗೆ ಮೊರೆಯುತ್ತದೆ. ಅಡುಗೆಮನೆಯಲ್ಲಿ ತಟ್ಟೆ ತೊಳೆಯುವ ತಾಯಿ ತಲೆ ಎತ್ತದೆಯೇ, “ಬಂದೆ ಇರೋ,” ಎನ್ನುತ್ತಾಳೆ. ಆ ತೂತು ಮುಚ್ಚಲು ಮಗಳ ಬಳಿ ಸಿಮೆಂಟು ಬೇಕಾದಷ್ಟಿದೆ. ಮುಚ್ಚಿಲ್ಲ.

ಪ್ರಿಯರೇ, ಕೈಮುಗಿದು ಕೇಳಿಕೊಳ್ಳುತ್ತೇನೆ. ಒಳಗೆ ಹಸಿಯಿದ್ದೂ ಹೊರಗೆ ಗಟ್ಟಿಯಾಗಿ ಕಾಣುವವರು ನಿಮ್ಮ ಮನೆಯಲ್ಲೂ ಇರಬಹುದು. ಅವರ ಮೇಲೆ ಸಮಾಧಾನದ ಮಾತನ್ನು ಆತುರದಿಂದ ಬಳಿಯಬೇಡಿ. ಭಗವಂತ ಕಣ್ಣೀರು ಕೊಟ್ಟದ್ದು ಒಳಗೇ ಕೊಳೆಯಲೆಂದಲ್ಲ. ಇಂದೇ ಹೋಗಿ, ಪಕ್ಕದಲ್ಲಿ ಕುಳಿತು, ಅವರು ಆಡದೆ ಉಳಿಸಿಕೊಂಡ ಮಾತಿಗೆ ಕಿವಿಗೊಡಿ.