ಹೆಣ ಸಿಕ್ತಾ?

ಆಗಿನ ಬೇಸಿಗೆ ರಜೆಗೆ ಹೊಗೆಸೊಪ್ಪಿನ ಘಾಟಿತ್ತು. ಕಡಲಂಚಿನ ಕೋಟದ ಪಡುಕರೆಯಲ್ಲಿ ಮಧ್ಯಾಹ್ನದ ಊಟವಾದದ್ದೇ ಅಮ್ಮಮ್ಮನ ಜಗಲಿಗೆ ಅಕ್ಕಪಕ್ಕದ ಹೆಂಗಸರು ಬಂದು, ಎಲೆ, ಹೊಗೆಸೊಪ್ಪು ತುಂಬಿದ ಗೆರಸೆ ತೊಡೆಯ ಮೇಲಿಟ್ಟು ಬೀಡಿ ಕಟ್ಟಲು ಕೂರುತ್ತಿದ್ದರು. ಅವರ ಕೈಗೆ ಬಿಡುವಿರಲಿಲ್ಲ, ಕಿವಿಗೆ ಬೇಕಾದಷ್ಟಿತ್ತು. ಹಾಗಾಗಿ ಆರನೇ ಕ್ಲಾಸು ಮುಗಿಸಿದ್ದ ನನಗೆ ಓದಿ ಹೇಳುವ ಕೆಲಸ. ಓದುತ್ತಿದ್ದದ್ದೇನು? ಕೊಲೆಯ ಕತೆಗಳು!

ಆ ಪುಸ್ತಕಗಳನ್ನು ತರುತ್ತಿದ್ದವನು ದೊಡ್ಡ ಮಾವ. ಕೊಲ್ಲೂರಿನ ಲಾಡ್ಜೊಂದರಲ್ಲಿ ಕೆಲಸಕ್ಕಿದ್ದ. ದೇವಿಯ ದರ್ಶನಕ್ಕೆ ಬಂದವರು ಕೋಣೆ ಖಾಲಿ ಮಾಡುವಾಗ ಇಂಥ ಕಥಾಸಂಕಲನಗಳನ್ನು ಮಂಚದಡಿ ಬಿಟ್ಟುಹೋಗುತ್ತಿದ್ದರಂತೆ. ಪ್ರಸಾದ ಮಾತ್ರ ಮರೆಯದೆ ಒಯ್ಯುತ್ತಿದ್ದರು. ಎಲ್ಲವೂ ಪುಟ್ಟ ಪುಟ್ಟ ಕತೆಗಳು. ಒಂದು ಕಟ್ಟು ಬೀಡಿ ಆಗುವಷ್ಟರಲ್ಲಿ ಒಬ್ಬ ಸತ್ತು, ಇನ್ನೊಬ್ಬ ಸಿಕ್ಕಿಬಿದ್ದು ಎಲ್ಲ ಮುಗಿಯುತ್ತಿತ್ತು. ಅವುಗಳಲ್ಲಿ ಒಳ್ಳೆಯವರು ಕಡಿಮೆ. ಅಣ್ಣನೇ ತಮ್ಮನನ್ನು ಬಾವಿಗೆ ನೂಕುತ್ತಿದ್ದ, ಪೊಲೀಸನೇ ಲಂಚ ತಿನ್ನುತ್ತಿದ್ದ. ಓದುತ್ತ ನನಗೆ ಬೆನ್ನಲ್ಲಿ ಚಳಿ ಹುಟ್ಟುತ್ತಿತ್ತು, ಆದರೂ ಮುಂದಿನ ಪುಟ ಬೇಕು. ಹೆಂಗಸರು ಕೊಲೆಗಾರ ಯಾರೆಂದು ಜಗಳವಾಡುತ್ತಲೇ ನೂಲು ಸುತ್ತುತ್ತಿದ್ದರು.

ಅಮ್ಮಮ್ಮನಿಗೆ ಕೊಲೆಗಾರ ಬೇಕಿರಲಿಲ್ಲ. ಪ್ರತಿ ಕತೆಯ ಕೊನೆಗೂ ಅವಳದು ಒಂದೇ ಪ್ರಶ್ನೆ.

"ಅದೆಲ್ಲ ಇರ್ಲಿ ಮಗಾ, ಹೆಣ ಸಿಕ್ತಾ?"

"ಸಿಕ್ತ್ ಅಮ್ಮಮ್ಮ."

"ಹಾಂಗಾರೆ ಅಡ್ಡಿಲ್ಲೆ."

ಆಗ ಹೆಂಗಸರೆಲ್ಲ ತಲೆ ತಗ್ಗಿಸಿಬಿಡುತ್ತಿದ್ದರು. ಹಿಂದಿನ ವರ್ಷ ಅಮ್ಮಮ್ಮನ ಕಿರಿಯ ಮಗ, ನಮ್ಮ ಸಣ್ಣ ಮಾವ, ಮೀನಿಗೆ ಹೋದಾಗ ದೋಣಿ ಮಗುಚಿತ್ತು. ಉಳಿದವರು ಈಜಿ ದಡ ಸೇರಿದರು. ಅವನು ಬರಲಿಲ್ಲ, ಅವನ ಹೆಣವೂ ಬರಲಿಲ್ಲ. ಬೊಜ್ಜ ಮಾಡಿ, ಉತ್ತರಕ್ರಿಯೆ ಮುಗಿಸಿ, ತಮ್ಮನಿಗೊಂದು ಗತಿ ಕಾಣಿಸೋಣವೆಂದು ದೊಡ್ಡ ಮಾವ ಕಾಲು ಹಿಡಿದರೂ ಅಮ್ಮಮ್ಮ ಒಪ್ಪಿರಲಿಲ್ಲ. "ಹೆಣ ಕಾಣ್ದೆ ಯಾರ ಬೊಜ್ಜ ಮಾಡುದ್?" ಎನ್ನುತ್ತಿದ್ದಳು.

ಒಂದು ದಿನ ಓದಿದ ಕತೆ ಬಯಲುಸೀಮೆಯ ಯಾವುದೋ ಪೇಟೆಯದು. ಕೊನೆಯ ಪುಟಕ್ಕೆ ಬಂದು ಓದು ನಿಲ್ಲಿಸಿದೆ. ಕೊಲೆಗಾರ ಎಲ್ಲ ಒಪ್ಪಿಕೊಂಡಿದ್ದ. ಹೆಣ ಮಾತ್ರ ಕೊನೆಗೂ ಸಿಕ್ಕಿರಲಿಲ್ಲ.

"ಎಂತಾಯ್ತ್? ಹೆಣ ಸಿಕ್ತಾ?"

ನಾನು ಅವಳ ಮುಖ ನೋಡಿದೆ. "ಸಿಕ್ತ್," ಎಂದೆ.

"ಎಲ್ಲಿ?"

"ಕಡಲ್ ಬದಿಯಗೆ. ಮುಖ ಹಾಂಗೇ ಇದ್ದಿತಂಬ್ರ್."

ಬೀಡಿ ಸುತ್ತುತ್ತಿದ್ದ ಅಮ್ಮಮ್ಮನ ಕೈ ನಿಂತಿತು. "ಆ ಊರಗೆ ಕಡಲ್ ಎಲ್ಲಿತ್ತ್ ಮಗಾ?"

ನಾನು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡೆ. ಅಮ್ಮಮ್ಮ ಗೆರಸೆ ಬದಿಗಿಟ್ಟು ನನ್ನ ತಲೆ ಸವರಿದಳು.

"ಮುಖ ಹಾಂಗೇ ಇದ್ದಿತಾ?"

"ಇದ್ದಿತ್."

"ಹಾಂಗಾರೆ ನಿನ್ ದೊಡ್ಡ ಮಾವನ ಹತ್ರ ಹೇಳ್. ಬೊಜ್ಜಕ್ಕೆ ದಿನ ಕಾಣ್ಲಿ."

ಬೊಜ್ಜ ಆಯಿತು. ಆಮೇಲೂ ಕತೆ ಓದಿದೆ, ಅವಳೂ ಕೇಳಿದಳು. ಆ ಪ್ರಶ್ನೆಯನ್ನು ಮಾತ್ರ ಮತ್ತೆಂದೂ ಕೇಳಲಿಲ್ಲ.

ಈಗ ಆ ಜಗಲಿಯಲ್ಲಿ ಬೀಡಿ ಕಟ್ಟುವವರಿಲ್ಲ, ಅಮ್ಮಮ್ಮನೂ ಇಲ್ಲ. ನನ್ನ ಕಪಾಟಿನ ತುಂಬ ಕೊಲೆಯ ಕತೆಗಳಿವೆ. ಇಷ್ಟು ರಕ್ತ ಯಾಕೆ ಓದುತ್ತೀ ಎಂದು ಮನೆಯವರು ಬೈಯುತ್ತಾರೆ. ಬದುಕು ನುಂಗಿ ಕೂತದ್ದನ್ನು ಆ ಕತೆಗಳು ಹೇಗಾದರೂ ಕಕ್ಕಿಸುತ್ತವಲ್ಲ, ಅದಕ್ಕೇ ಓದುತ್ತೇನೆ. ಆದರೆ ಕೊಂದವನು ಯಾರೆಂದು ತಿಳಿದ ಮೇಲೂ ಪುಸ್ತಕ ಮಡಚಲು ಕೈ ಬರುವುದಿಲ್ಲ. ಕಿವಿ ಆ ಒಂದು ಮಾತಿಗೆ ಕಾಯುತ್ತದೆ. ಪಡುಕರೆಗೆ ಹೋದಾಗಲೆಲ್ಲ ಕಣ್ಣು ತಾನಾಗಿ ನೀರಿನ ಅಂಚಿಗೆ ಹೋಗುತ್ತದೆ.

ಕೇಳುವವಳು ಹೋದಳು. ಸಣ್ಣ ಮಾವ ಇನ್ನೂ ಸಿಕ್ಕಿಲ್ಲ.