ಅತ್ತೆ ಮುಟ್ಟಿದ ಹಸಿ ಹಾಳೆ

ನನ್ನ ವಾರಗಿತ್ತಿ, ಮೈದುನನ ಹೆಂಡತಿ, ಯಲಹಂಕದ ನಮ್ಮ ಮನೆಗೆ ಬಂದ ಮೊದಲ ಯುಗಾದಿಗೆ ಒಂದು ಆಸೆ ಇಟ್ಟುಕೊಂಡಿದ್ದಳು. ಹಬ್ಬದ ದಿನ ಹಿರಿಯರಿಗೆಲ್ಲ ಬೇವುಬೆಲ್ಲದ ಜೊತೆ ತಾನೇ ಮಾಡಿದ ಶುಭಾಶಯದ ಕಾರ್ಡು ಕೊಡಬೇಕು. ಅಂಗಡಿಯ ಹಾಳೆಯೂ ಬೇಡ; ಹಳೇ ಪೇಪರು ನೆನೆಸಿ, ರುಬ್ಬಿ, ಹಾಳೆಯನ್ನೂ ತಾನೇ ಮಾಡುತ್ತೇನೆ ಅಂದಳು. ಈ ಮನೆಯಲ್ಲಿ ಯಾರೂ ಹೇಳದೆ ಅವಳು ಕೈಹಾಕಿದ ಮೊದಲ ಕೆಲಸ ಅದು.

ಅತ್ತೆಗೆ ಮೊದಲು ಸಿಟ್ಟು ಬಂದದ್ದು ಮಿಕ್ಸಿಯ ಮೇಲೆ.

"ಚಟ್ನಿ ರುಬ್ಬೋ ಜಾರಲ್ಲಿ ರದ್ದಿ ರುಬ್ತೀಯೇನಮ್ಮಿ? ನಾಳೆ ದೋಸೆಗೆ ಪೇಪರ್ ಚಟ್ನಿನಾ?"

"ಹಳೇ ಜಾರು ಅತ್ತೆ, ಅಕ್ಕಾನೇ ಕೊಟ್ಟಿದ್ದು," ಎಂದು ನನ್ನನ್ನು ತೋರಿಸಿ ಪಾರಾದಳು. ಅತ್ತೆ ನನ್ನತ್ತ ತಿರುಗುವಷ್ಟರಲ್ಲಿ, ಒಲೆಯ ಮೇಲೆ ಇಲ್ಲದ ಹಾಲು ಉಕ್ಕಿತೆಂದು ನಾನು ಒಳಗೆ ಓಡಿದ್ದೆ.

ರುಬ್ಬಿದ್ದನ್ನು ಟಬ್ಬಿನ ನೀರಿಗೆ ಕಲಸಿ, ಸೊಳ್ಳೆಪರದೆಯ ತುಂಡು ಬಿಗಿದ ಫೋಟೋ ಚೌಕಟ್ಟನ್ನು ಅದರಲ್ಲಿ ಮುಳುಗಿಸಿ ಮೆಲ್ಲಗೆ ಎತ್ತಿದಳು. ನೀರು ಸೋರಿಹೋಯಿತು; ಪರದೆಯ ಮೇಲೆ ತೆಳ್ಳಗೆ ಒಂದು ಹಾಳೆ ಉಳಿಯಿತು. ಇಷ್ಟು ವರ್ಷ ಪೇಪರು ತೂಕಕ್ಕೆ ಹಾಕಿದವಳು ನಾನು, ಅದು ಹೀಗೆ ಮತ್ತೆ ಹುಟ್ಟುತ್ತದೆಂದು ಕಂಡಿರಲಿಲ್ಲ. ಹಾಗೆ ಎತ್ತಿದ ಹಾಳೆಗಳನ್ನು ಟೆರೇಸಿನಲ್ಲಿ ಹಾಸಿದ ಪಂಚೆಯ ಮೇಲೆ ಮಗುಚಿ ಒಣಗಲು ಬಿಟ್ಟೆವು.

ಸಂಜೆ ಅತ್ತೆ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. ಅಚ್ಚಿನ ಮಸಿಯೆಲ್ಲ ಬೆರೆತು ಹಾಳೆ ಬೂದು ಬೂದಾಗಿತ್ತು.

"ತಿಥಿ ಕಾರ್ಡ್ ಇದ್ದಂಗೈತೆ. ವರ್ಷದ ಮೊದಲ್ನೇ ಅಬ್ಬ, ಇದನ್ನ ಯಾರ ಕೈಗೂ ಕೊಡಂಗಿಲ್ಲ ಕಣಮ್ಮಿ."

ಅವಳು ಆ ಹಾಳೆಗಳನ್ನು ಒಂದೊಂದಾಗಿ ಎತ್ತಿಟ್ಟಳು. ಬೆಳಿಗ್ಗೆ ನಾನು ಏಳುವ ಮುಂಚೆಯೇ ಇನ್ನೊಂದು ಟಬ್ಬು ಕಲಸಿದ್ದಳು, ಈ ಸಲ ಬೊಗಸೆ ಅರಿಶಿನ ಹಾಕಿ. ಹಬ್ಬಕ್ಕೆ ಉಳಿದದ್ದು ಒಂದೇ ದಿನ. ಇದೂ ಕೆಟ್ಟರೆ ಇನ್ನು ಕಾರ್ಡಿನ ಮಾತೇ ಇಲ್ಲ.

ಹಳದಿ ಹಾಳೆಗಳನ್ನು ಹಾಸುತ್ತಿದ್ದಾಗ ಅತ್ತೆ ಎಲೆಅಡಿಕೆ ಹಾಕಿಕೊಳ್ಳುತ್ತಾ ಮೆಟ್ಟಿಲು ಹತ್ತಿ ಬಂದರು.

"ಇದೇನ್ ಒಣಗೈತಾ?" ಎಂದು ಬಗ್ಗಿ ಬೆರಳೊತ್ತಿದರು. ಆಗಷ್ಟೇ ಎಲೆಗೆ ಸುಣ್ಣ ಸವರಿದ ಬೆರಳು.

ಒತ್ತಿದ ಕಡೆ ಕೆಂಪು ಚುಕ್ಕೆ ಎದ್ದಿತು.

"ಅಯ್ಯಯ್ಯೋ, ಕೆಟ್ಟೋಯ್ತಲ್ಲಮ್ಮಿ!" ಗಾಬರಿಯಲ್ಲಿ ಒರೆಸಲು ಹೋದರು. ಬೆರಳು ಸರಿದಲ್ಲೆಲ್ಲ ಕೆಂಪು ಗೆರೆಯೂ ಹಿಂದೆಯೇ ಹರಿಯಿತು.

ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆಂದು ನನಗೆ ಗೊತ್ತಿಲ್ಲವೇ? ಎಷ್ಟು ಆರತಿ ಕಲಸಿದ್ದೇನೆ! ಆದರೆ ತಟ್ಟೆಯಲ್ಲಿ ನೀರು ಒಂದೇ ಸಲಕ್ಕೆ ಕೆಂಪಾಗಿಬಿಡುತ್ತದೆ, ಮುಗಿಯಿತು. ಇಲ್ಲಿ ಆ ಕೆಂಪು ಹಸಿ ಹಾಳೆಯ ಎಳೆ ಎಳೆ ಹಿಡಿದು, ಜೀವವಿದ್ದದ್ದರ ಹಾಗೆ ಅಂಚಿನತ್ತ ಹರಡುತ್ತಿತ್ತು. ಮೂವರೂ ಮಂಡಿಯೂರಿ ನೋಡಿದೆವು. ಅತ್ತೆ ಎಲೆ ಅಗಿಯುವುದನ್ನೂ ಮರೆತಿದ್ದರು.

"ಕೈ ತೆಗೀಬೇಡಿ ಅತ್ತೆ," ಅಂದಳು ಅವಳು, ಪಿಸುಮಾತಿನಲ್ಲಿ. "ಇನ್ನೊಂದ್ಸಲ ಎಳೀರಿ."

ಅತ್ತೆ ಎಳೆದರು. ಮಾವಿನೆಲೆ ಮೂಡಿತು. ಆಮೇಲೆ ಸುಣ್ಣದ ಡಬ್ಬಿಯನ್ನೇ ಪಕ್ಕಕ್ಕಿಟ್ಟುಕೊಂಡು ಕೂತರು. ರಂಗೋಲಿ ಎಳೆದು ಪಳಗಿದ ಕೈ, ಒಂದು ಹಾಳೆಯನ್ನೂ ಬಿಡಲಿಲ್ಲ. ನಡುವೆ ನಾನೊಂದು ಎಳೆಯಲು ಹೋದರೆ, "ನೀನ್ ಓಗಿ ಆಲು ನೋಡು" ಅಂದರು.

ಯುಗಾದಿಯ ದಿನ ರಾಜಾನುಕುಂಟೆಯಲ್ಲಿರುವ ತಮ್ಮ ತಂಗಿಯ ಮನೆಗೆ ಅತ್ತೆ ಒಂದು ಕಾರ್ಡನ್ನು ತಾವೇ ಒಯ್ದರು. ಆಕೆ ಕಾರ್ಡನ್ನು ತಿರುಗಿಸಿ ಮುರುಗಿಸಿ, "ಯಾವ್ ಅಂಗ್ಡೀಲಿ ತಗಂಡೆ ಅಕ್ಕಾ?" ಅಂದರಂತೆ.

"ಅಂಗ್ಡಿನೂ ಇಲ್ಲ ಗಿಂಗ್ಡಿನೂ ಇಲ್ಲ. ನಮ್ ಚಿಕ್ ಸೊಸೆ ನೀರಲ್ಲಿ ಎತ್ತಿದ್ದು ಕಣೇ!"